ಅಮ್ಮನ ಕಡ್ಡಿ ಚೀಲ

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯಿತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಕೈಯಲ್ಲಿ ಬೇರೆ ಕೆಲಸ ಇತ್ತು. ಹೊಲಿಗೆ! ಹೌದು, ನಾನೇ. ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕರ್ಚೀಫಿಗೆ ಅಂಚು ಹೊಲಿಯೋಕೆ ಹೋಗಿ, ಅದನ್ನು ಹಾಕಿಕೊಂಡಿದ್ದ ಲಂಗಕ್ಕೇ ಸೇರಿಸಿ ಹೊಲಿದಿದ್ದವಳು ನಾನು. ಅಂಥವಳು ಈ ಮಳೆಗಾಲದಲ್ಲಿ ಒಂದಲ್ಲ, ಎರಡು ಚೀಲ ಹೊಲಿದಿದ್ದೇನೆ. ಮೊದಲನೆಯದು ಬಹಳ ಚಂದ ಇತ್ತು, ಕೆಲಸಕ್ಕೆ ಬರಲಿಲ್ಲ. ಎರಡನೆಯದು ನೋಡೋಕೆ ಅಷ್ಟಕ್ಕಷ್ಟೇ... ಅದರ ಕತೆ ಹೇಳ್ತೀನಿ ಕೇಳಿ.

ನನ್ನಮ್ಮ ಸ್ವೆಟರ್ ಹೆಣೆಯುತ್ತಾಳೆ. ಸಾಗರದ ಕಡೆಯವರಿಗೆ ಇದರ ವಿವರಣೆ ಬೇಕಿಲ್ಲ. ಜೂನಿನಲ್ಲಿ ಹಿಡಿದ ಮಳೆ ಬಿಡಬೇಕಾದರೆ ಸೆಪ್ಟೆಂಬರ್ ಬರಬೇಕು. ಅಷ್ಟು ದಿನ ಹೆಂಗಸರು ಮನೆಯೊಳಗೆ ಕೂತು ಮಾಡುವ ಕೆಲಸಗಳಲ್ಲಿ ಇದೂ ಒಂದು. ಅಪ್ಪನ ತೋಳಿಲ್ಲದ ಸ್ವೆಟರು, ನಮ್ಮ ಶಾಲೆಯ ನೀಲಿ ಸ್ವೆಟರು, ಊರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಕುಲಾವಿ, ಕಾಲುಚೀಲ. ಅಮ್ಮನ ಮಡಿಲಲ್ಲಿ ಉಲ್ಲನ್ ಉಂಡೆ ಇಲ್ಲದ ಮಳೆಗಾಲ ನನಗೆ ನೆನಪಿಲ್ಲ.

ಆದರೆ ಆ ಕಡ್ಡಿಗಳನ್ನು ಇಟ್ಟುಕೊಳ್ಳುವ ರೀತಿ ಮಾತ್ರ ದೇವರಿಗೇ ಪ್ರೀತಿ. ಉದ್ದದವು ಹಳೆಯ ಕ್ಯಾಲೆಂಡರ್ ಸುರುಳಿಯೊಳಗೆ, ಗಿಡ್ಡವು ಹಾರ್ಲಿಕ್ಸ್ ಬಾಟ್ಲಿಯಲ್ಲಿ, ಕ್ರೋಶಾ ಕಡ್ಡಿ ಬಿಸ್ಕತ್ತಿನ ಡಬ್ಬಿಯಲ್ಲಿ, ಟೇಪು ಮಾತ್ರ ಯಾವಾಗಲೂ ಹುಡುಕಬೇಕಾದ ಜಾಗದಲ್ಲಿ! ಜೋಡಿಯ ಒಂದು ಕಡ್ಡಿ ಸಿಕ್ಕರೆ ಇನ್ನೊಂದು ದಿಂಬಿನಡಿ.

ಈ ಸಲ ಜುಲೈನಲ್ಲಿ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಆಫೀಸಿನಲ್ಲಿ ಹೇಳಿ ಊರಿಗೆ ಹೋಗಿದ್ದೆ. ಅಮ್ಮ ತಮ್ಮನ ಮಗಳಿಗೆ ಸ್ವೆಟರ್ ಶುರುಮಾಡಿದ್ದಳು. ಬೆನ್ನಿನ ಭಾಗ ಮುಕ್ಕಾಲು ಆಗಿತ್ತು. ಒಂದು ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದರೆ, ಅಮ್ಮ ಅದನ್ನು ಮಂಡಿಯ ಮೇಲೆ ಹರಡಿಕೊಂಡು ಬೆರಳಲ್ಲಿ ಮತ್ತೆ ಮತ್ತೆ ಸವರುತ್ತಾ ಕೂತಿದ್ದಳು.

"ಪಟ್ಟೆ ಪಟ್ಟೆ ಸಿಗ್ತಾ ಇದೆ ಕಣೆ. ನೋಡು ಸ್ವಲ್ಪ."

ನೋಡಿದೆ. ಒಂದು ಸಾಲು ಬಿಗಿ, ಒಂದು ಸಾಲು ಸಡಿಲ. ಕಡ್ಡಿ ಎರಡನ್ನೂ ದೀಪದ ಹತ್ತಿರ ಹಿಡಿದು ಓದಿದರೆ ಒಂದರ ಮೇಲೆ 8, ಇನ್ನೊಂದರ ಮೇಲೆ 10. ಅಂಚನ್ನು ಹತ್ತರಲ್ಲಿ ಹಾಕಿ, ಮೈಗೆ ಎಂಟಕ್ಕೆ ಬದಲಾಯಿಸುವಾಗ ಒಂದು ಮಾತ್ರ ಬದಲಾಗಿತ್ತು. ಕುಣಿಕೆಯ ಗಾತ್ರ ಹೊಸ ಕುಣಿಕೆ ಕೂರುವ ಕಡ್ಡಿಯ ಮೇಲೆ ನಿಲ್ಲುತ್ತದಲ್ಲ, ಹಾಗಾಗಿ ಸಾಲು ಬಿಟ್ಟು ಸಾಲಿಗೆ ಹಾಗೆ.

"ಚಳಿಗೆ ಕೈ ಮರಗಟ್ಟಿತ್ತೋ ಏನೋ, ಕೈಗೂ ತಿಳೀಲಿಲ್ವಲ್ಲ" ಅಂದಳು. ಆಮೇಲೆ ಏನೂ ಹೇಳದೆ ಕಡ್ಡಿ ಎಳೆದು ಅಷ್ಟನ್ನೂ ಬಿಚ್ಚಿ ಉಂಡೆ ಸುತ್ತಿದಳು. ಸುತ್ತಿ ಮುಗಿಸಿ, "ಸಾಕು ಮಾರಾಯ್ತಿ, ಈ ಕಡ್ಡಿ ಎಲ್ಲ ಪಕ್ಕದ ಮನೆ ಹುಡುಗಿಗೆ ಕೊಟ್ಟುಬಿಡು. ಅವಳು ಕಲೀತೀನಿ ಅಂತಿದ್ಲು" ಅಂದಳು.

ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಆದರೆ ನನ್ನ ಬುದ್ಧಿ ಓಡಿದ್ದು ಎಲ್ಲಿಗೆ ನೋಡಿ: ಇದೆಲ್ಲ ಆಗಿದ್ದು ಕಡ್ಡಿಗಳನ್ನು ನೆಟ್ಟಗೆ ಇಡದೇ ಇದ್ದದ್ದಕ್ಕೆ! ಒಂದೊಂದು ಜೋಡಿಗೆ ಒಂದೊಂದು ಜೇಬು ಇರುವ, ಸುತ್ತಿ ಕಟ್ಟಿಡುವ ಚೀಲ ಮಾಡಿಕೊಟ್ಟರೆ ಸರಿಹೋಯಿತು. ಇಂಥವನ್ನು ಫೋಟೋಗಳಲ್ಲಿ ನೋಡಿದ್ದೆ. ಹೂವಿನ ಬಟ್ಟೆ, ರಿಬ್ಬನ್ನು, ಏನು ಚಂದ!

ಅಮ್ಮನ ಹಳೆಯ ಉಷಾ ಮಿಷನ್ನಿನ ಧೂಳು ಕೊಡವಿ ಎಣ್ಣೆ ಬಿಟ್ಟೆ. ಹೊರಗಿನ ಬಟ್ಟೆಗೆ ನನ್ನ ಹಳೆಯ ಜೀನ್ಸು. ಒಳಗಿನ ಜೇಬಿಗೆ ಅಮ್ಮನ ಬೂದು ಬಣ್ಣದ ಕಾಟನ್ ಸೀರೆ. ನಾನು ಚಿಕ್ಕವಳಿದ್ದಾಗ ಅವಳು ಉಡುತ್ತಿದ್ದದ್ದು, ಮುಟ್ಟಿದರೆ ಬೆಣ್ಣೆ. "ಜೂನಾ ಬಟ್ಟೆ, ಕಡ್ಡಿಗೆ ತಡೆಯಲ್ಲ" ಅಂದಳು ಅಮ್ಮ. ಕೇಳಿದ್ದರೆ ತಾನೆ.

ಜೀನ್ಸಿನ ಎರಡು ಕಾಲು ಬಿಚ್ಚಿ ಜೋಡಿಸಿದ ಕಡೆ ಮಡಿಕೆ ದಪ್ಪ ಆಗಿ, ಮಿಷನ್ನಿನ ಸೂಜಿ ಟಣ್ ಅಂತ ಮುರಿದು ಕನ್ನಡಕಕ್ಕೆ ಬಡಿಯಿತು. 14ನೇ ನಂಬರ್ ಸೂಜಿ ಹಾಕಿದ್ದೆ. "ದಪ್ಪ ಬಟ್ಟೆಗೆ 16 ಹಾಕ್ಬೇಕು ಕಣೆ" ಅಂತ ಒಳಗಿನಿಂದ ಅಮ್ಮನ ದನಿ. ಆಗ ಗೊತ್ತಾದ ತಮಾಷೆ ಇದು: ಮಿಷನ್ ಸೂಜಿಯಲ್ಲಿ ನಂಬರ್ ಏರಿದಂತೆ ಸೂಜಿ ದಪ್ಪ, ನಮ್ಮ ಸ್ವೆಟರ್ ಕಡ್ಡಿಯಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರು, 10 ಅಂದರೆ 3.25, 14 ಅಂದರೆ ಬರೀ 2.

ಮೂರು ದಿನ ಕೂತು ಮುಗಿಸಿದೆ. ಜೇಬುಗಳ ಮೇಲೆ ಕಡುನೀಲಿ ದಾರದಲ್ಲಿ ಸಣ್ಣದಾಗಿ 6, 8, 9, 10 ಅಂತ ಕಸೂತಿ ಬೇರೆ. ಅಮ್ಮ ಕೈಗೆತ್ತಿಕೊಂಡು ಸವರಿ "ಚಂದ ಆಗಿದೆ" ಅಂದಳು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿ ಹೊಗಳಿಸಿಕೊಂಡಿದ್ದೂ ಆಯಿತು.

ಎರಡು ದಿನ ಬಿಟ್ಟು ನೋಡಿದರೆ ಚೀಲ ಕಪಾಟಿನಲ್ಲಿ, ಕಡ್ಡಿಗಳು ಮತ್ತೆ ಕ್ಯಾಲೆಂಡರ್ ಸುರುಳಿಯಲ್ಲಿ. ಸಿಟ್ಟು ಬಂತು. "ಅಷ್ಟು ಕಷ್ಟಪಟ್ಟು ಹೊಲಿದಿದೀನಿ, ಯಾಕಮ್ಮ ಅದರಲ್ಲಿ ಇಡಲ್ಲ?" ಅಂತ ಸ್ವಲ್ಪ ಜೋರಾಗೇ ಕೇಳಿದೆ.

ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀ ಬರ್ದಿದ್ದು ನಂಗೆ ಕಾಣಲ್ಲ" ಅಂದಳು.

ಆ ಮೇಲೆ ಒಂದೊಂದಾಗಿ ಹೊರಗೆ ಬಂತು. ಪೇಪರ್ ಓದೋದು ಬಿಟ್ಟು ಐದಾರು ತಿಂಗಳಾಗಿದೆ. ಓದಲು ಹೋದರೆ ಅಕ್ಷರದ ನಡುವೆ ಮಸುಕು. ಅಡುಗೆಮನೆಯ ಡಬ್ಬಿಗಳು ಇದ್ದ ಜಾಗದಲ್ಲೇ ಇರೋದರಿಂದ ನಡೀತಿದೆ. ಎದುರು ಕೂತವರ ಮುಖಕ್ಕಿಂತ ಪಕ್ಕದಲ್ಲಿರೋ ಕಿಟಕಿ ಚೆನ್ನಾಗಿ ಕಾಣುತ್ತೆ. ದಿನಾ ಫೋನಿನಲ್ಲಿ ಮಾತಾಡುವ ನಮಗೆ ಒಬ್ಬರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. "ಊಟ ಆಯ್ತಾ, ಮಳೆ ಹೇಗಿದೆ" ಇಷ್ಟೇ.

ಮಾರನೇ ದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಒಂದು ಚೌಕಳಿ ಕಾಗದ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ, ಗೆರೆಗಳು ನೆಟ್ಟಗಿವೆಯಾ ಅಂತ ಕೇಳಿದರು. "ಡಿಸೈನ್ ಹಾಕೋ ಗ್ರಾಫ್ ಪೇಪರ್ ಇದ್ದಂಗಿದೆ, ಆದ್ರೆ ನಡುವೆ ಒಂದಷ್ಟು ಮನೆ ಅಳಿಸಿಹೋಗಿವೆ" ಅಂದಳು ಅಮ್ಮ. ಕಣ್ಣಿನ ಪರದೆಯ ನಡುಭಾಗ ವಯಸ್ಸಿನಿಂದ ಸವೆಯುವ ತೊಂದರೆ, ಒಣ ಬಗೆಯದು. ಹೋದದ್ದನ್ನು ವಾಪಸ್ ತರೋಕೆ ಆಗಲ್ಲ. ಆದರೆ ಇದರಿಂದ ಪೂರ್ತಿ ಕತ್ತಲೆ ಆಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ. ಆ ಕಾಗದವನ್ನು ಮನೆಯಲ್ಲೂ ಒಂದೊಂದೇ ಕಣ್ಣಲ್ಲಿ ನೋಡುತ್ತಿರಬೇಕು, ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ತಡಮಾಡದೆ ಬರಬೇಕು ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಕೇಳಿದ್ದು ಒಂದೇ: "ಕುಲಾವಿ ಹಾಕ್ಬಹುದು ತಾನೆ?"

ಹೀಗೆ ಎರಡನೇ ಚೀಲ ಶುರುವಾಯಿತು. ಈ ಸಲ ಅಳತೆಯಿಂದ ಹಿಡಿದು ಎಲ್ಲ ಅಮ್ಮನದೇ ಯಜಮಾನಿಕೆ.

ಮೊದಲು ಜೋಡಿ ಹೊಂದಿಸಬೇಕಿತ್ತು. ಅರ್ಧ ಕಡ್ಡಿಗಳ ನಂಬರ್ ಸವೆದು ಹೋಗಿದೆ, ನನ್ನ ಕಣ್ಣಿಗೂ ಕಾಣದು. "ನಿಮ್ಮಪ್ಪನ ಡ್ರಾ ತೆಗಿ, ಗೇಜ್ ತಟ್ಟೆ ಇದೆ" ಅಂದಳು. ಅಪ್ಪ ತೋಟದ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದವರು. ತಂತಿಯ ದಪ್ಪ ಅಳೆಯುವ, ಸುತ್ತ ಹಲ್ಲು ಕಡಿದಂತಿರುವ ದುಂಡು ತಟ್ಟೆ ಅದು. ಹತ್ತರ ಕಡ್ಡಿ ಹತ್ತರ ಸಂದಿನಲ್ಲಿ ಸಲೀಸಾಗಿ ಕೂತಾಗ ನನಗೆ ಆಶ್ಚರ್ಯ. ಕಡ್ಡಿಯ ಈ ಹಳೆಯ ನಂಬರುಗಳು ಬಂದಿದ್ದೇ ಬ್ರಿಟಿಷರ ಕಾಲದ ತಂತಿ ಗೇಜಿನಿಂದ. ತಂತಿಯನ್ನು ಎಳೆದಷ್ಟೂ ಸಣ್ಣ ಆಗುತ್ತದೆ, ನಂಬರ್ ಏರುತ್ತದೆ. ಈಗಿನ ಕಡ್ಡಿಗಳಲ್ಲಿ ಕೆಲವು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತವೆ, ಆದರೆ ಯಾವುದರ ಜೋಡಿ ಯಾವುದು ಅಂತ ಹೊಂದಿಸೋಕೆ ಧಾರಾಳ ಸಾಕು. "ಅವರಿದ್ದಾಗ ಅವರೇ ಅಳೆದು ಕೊಡ್ತಿದ್ರು" ಅಂದಳು ಅಮ್ಮ. ಅಪ್ಪ ಹೋಗಿದ್ದು 2018ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಯಾರು ಅಳೆದು ಕೊಟ್ಟಿದ್ದರು ಅಂತ ನಾನು ಕೇಳಲಿಲ್ಲ.

ಒಂದು ಜೋಡಿ ಮಾತ್ರ ತಲೆ ತಿಂದಿತು. ಮೇಲೆ 8 ಅಂತ ಇದೆ, ಕೈಗೆ ದಪ್ಪ. ಅದು ಅತ್ತೆಯ ಮಗಳು ಅಮೆರಿಕದಿಂದ ತಂದಿದ್ದು. ಅಲ್ಲಿ ಲೆಕ್ಕ ತಿರುಗು ಮುರುಗು, ನಂಬರ್ ಏರಿದಂತೆ ದಪ್ಪ. ಅಲ್ಲಿಯ 8 ಅಂದರೆ 5 ಮಿಲಿಮೀಟರು, ನಮ್ಮ 6. ಎರಡೂ ಕಡೆಯ ನಂಬರ್ ಒಂದೇ ಆಗಿರೋದು 7ರಲ್ಲಿ ಮಾತ್ರ. ಅದಕ್ಕೆ ಆರರ ಜೇಬು ಗೊತ್ತಾಯಿತು.

ಇನ್ನು ಗುರುತು. ನಾನು ದಾರದ ಗಂಟು ಹಾಕಿ ಎಣಿಸೋ ಹಾಗೆ ಮಾಡ್ತೀನಿ ಅಂದೆ, ಎಂಟಕ್ಕೆ ಎಂಟು ಗಂಟು, ಹದಿನಾಲ್ಕಕ್ಕೆ ಹದಿನಾಲ್ಕು. ಅಮ್ಮ ನಕ್ಕುಬಿಟ್ಟಳು. "ಅಷ್ಟು ಎಣಿಸೋ ಹೊತ್ತಿಗೆ ಒಂದು ಸಾಲು ಹೆಣೀಬಹುದು. ಫೋನಲ್ಲಿ ಐದರ ಮೇಲೆ ಒಂದು ಚುಕ್ಕೆ ಇರುತ್ತಲ್ಲ, ಹಾಗೆ ಮಾಡು. ಹತ್ತು ಸಿಕ್ರೆ ಉಳಿದಿದ್ದು ನಂಗೆ ಗೊತ್ತಾಗುತ್ತೆ." ಲೆಕ್ಕ ಹಾಕಿದರೆ ಅವಳ ಹತ್ತಿರ ಇರೋದು ಏಳು ಅಳತೆ: 6, 8, 9, 10, 11, 12, 14. ಹತ್ತು ಸರಿಯಾಗಿ ನಡುವೆ! ಎಡಕ್ಕೆ ದಪ್ಪ ಮೂರು, ಬಲಕ್ಕೆ ಸಣ್ಣ ಮೂರು. ನಡುವಿನ ಜೇಬಿಗೆ ಒಂದೇ ಒಂದು ಗುಂಡಿ.

ಯಾರಾದರೂ ಮಾಡ್ತೀರಾದರೆ ಅಳತೆ ಇಲ್ಲಿದೆ. ನಮ್ಮ ಉದ್ದದ ಕಡ್ಡಿಗಳು 14 ಇಂಚು. ಹೊಲಿದ ಮೇಲೆ ಚೀಲ 20 ಇಂಚು ಎತ್ತರ, 18 ಇಂಚು ಅಗಲ ಬರಬೇಕು. ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಕತ್ತರಿಸಿ. ಜೇಬಿನ ಎತ್ತರ 9 ಇಂಚು. 2 ಇಂಚಿಗೊಂದು ಗೆರೆ ಹೊಲಿದರೆ ಏಳು ಜೇಬು, ಉಳಿದ 4 ಇಂಚಿನಲ್ಲಿ ಟೇಪು, ಕತ್ತರಿ, ಪಿನ್ನುಗಳಿಗೆ ಒಂದು ದೊಡ್ಡ ಜೇಬು. ಮೇಲಿನ 5 ಇಂಚು ಕಡ್ಡಿಗಳ ತಲೆಯ ಮೇಲೆ ಮಡಚಿಕೊಳ್ಳುತ್ತದೆ, ಸುತ್ತುವಾಗ ಜಾರುವುದಿಲ್ಲ. ಒಳಗೆ ಈ ಸಲ ಬೂದು ಸೀರೆ ಇಲ್ಲ. ಬೂದು ಕಡ್ಡಿ ಬೂದು ಬಟ್ಟೆಯಲ್ಲಿ ಕಣ್ಣಿದ್ದವರಿಗೂ ಕಾಣದು. ದಪ್ಪ ಬಿಳಿ ಕೋರಾ ಬಟ್ಟೆ. ಮೊದಲ ಚೀಲದಲ್ಲಿ 14ರ ಮೊನೆ ಸೀರೆ ಹರಿದು ಹೊರಗೆ ಬಂದಿತ್ತು (ಅಮ್ಮ ಹೇಳಿದ್ದಳು, ಗೊತ್ತು!). ಅದಕ್ಕೇ ಜೇಬಿನ ತಳಕ್ಕೆ ಜೀನ್ಸಿನ ಪಟ್ಟಿ ಒಳಗಿನಿಂದ ಕೊಟ್ಟೆ. ಸೀರೆಯಲ್ಲಿ ಉಳಿದದ್ದು ಲಾಡಿ ಮಾತ್ರ, ನಾಲ್ಕು ಮಡಿಕೆ ಹಾಕಿ ಹೊಲಿದದ್ದು.

ಹೊಲಿಗೆ ಸೊಟ್ಟ ಇದೆ. ಬಿಳಿ ಬಟ್ಟೆಯ ಮೇಲೆ ಕಪ್ಪು ದೊಡ್ಡ ಗುಂಡಿ ಒಂದೇ ಇರೋದು ನೋಡೋಕೆ ಬೊಟ್ಟು ಇಟ್ಟ ಹಾಗಿದೆ. ಇದರ ಫೋಟೋ ಯಾರಿಗೂ ಕಳಿಸಲಿಲ್ಲ.

ಅಮ್ಮ ಅದನ್ನು ಮಡಿಲಲ್ಲಿ ಬಿಚ್ಚಿಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಬೆರಳಲ್ಲಿ ಗುಂಡಿ ಹುಡುಕಿ, ಹತ್ತು ತೆಗೆದಳು, ಇಟ್ಟಳು. ಎಂಟು ತೆಗೆದಳು, ಇಟ್ಟಳು. ಹನ್ನೆರಡು. ನಾನು ಒಂದೊಂದನ್ನೂ ಗೇಜಿಗೆ ಹಾಕಿ ನೋಡುತ್ತಿದ್ದೆ, ಎಲ್ಲ ಸರಿ. ಹೆಣೆಯೋಕೆ ಎರಡೂ ತೆಗೆದ ಮೇಲೆ ಖಾಲಿ ಜೇಬೇ ಗುರುತು, ವಾಪಸ್ ಇಡೋದು ಎಲ್ಲಿ ಅನ್ನೋ ಯೋಚನೆ ಇಲ್ಲ. ಇದು ನನಗೆ ಹೊಳೆದಿರಲಿಲ್ಲ, ಅವಳು ಹೇಳಿದ್ದು.

ಎಲ್ಲ ಮೊದಲಿನಂತಾಯಿತು ಅಂತ ಹೇಳಲ್ಲ. ಕಡುಬಣ್ಣದ ಉಲ್ಲನ್ ಆಗುವುದಿಲ್ಲ, ಡಿಸೈನ್ ಆಗುವುದಿಲ್ಲ, ಜಾರಿದ ಕುಣಿಕೆ ಹಿಡಿಯೋಕೆ ಪಕ್ಕದ ಮನೆ ಹುಡುಗಿ ಬರಬೇಕು. ಅವಳಿಗೆ ಕಡ್ಡಿ ಕೊಡೋದರ ಬದಲು ಸಂಜೆ ಹೊತ್ತು ಕಲಿಸೋದು ಅಂತ ಆಗಿದೆ. ನಾನು ಬೆಂಗಳೂರಿಗೆ ಬಂದ ಮೇಲೆ ಫೋನಿನಲ್ಲಿ ಮಳೆಯ ವಿಷಯ ಕೇಳೋ ಮೊದಲು ಚೌಕಳಿ ಕಾಗದದ ವಿಷಯ ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಹಿರಿಯರು ಇದ್ದಕ್ಕಿದ್ದಂತೆ ಪೇಪರ್ ಓದೋದು ಬಿಟ್ಟಿದ್ದರೆ ಯಾಕೆ ಅಂತ ಒಂದು ಮಾತು ಕೇಳಿ.

ನಿನ್ನೆ ರಾತ್ರಿ ಅಮ್ಮನೇ ಫೋನ್ ಮಾಡಿದ್ದಳು. ಹಳದಿ ಸ್ವೆಟರಿನ ಬೆನ್ನು ಮುಗಿದಿದೆಯಂತೆ, ಪಟ್ಟೆ ಇಲ್ಲವಂತೆ. "ಆ ಗುಂಡಿ ಮಾತ್ರ ಸಡಿಲ ಆಗಿದೆ ಕಣೆ. ಹಬ್ಬಕ್ಕೆ ಬಂದಾಗ ಗಟ್ಟಿಯಾಗಿ ಹೊಲಿದು ಕೊಡು. ನಿಂಗೆ ಮೊದಲಿಂದ ಗುಂಡಿ ಹೊಲಿಯೋಕೆ ಬರಲ್ಲ" ಅಂದಳು.