ಅಣ್ಣನ ಸ್ವೆಟರಿನಲ್ಲಿ ತಮ್ಮನ ಕುಲಾವಿ

ಕೈಯಲ್ಲಿ ಹೆಣೆದ ಸ್ವೆಟರಿಗೆ ಒಂದು ತುದಿ ಇರುತ್ತಿತ್ತು. ಕುತ್ತಿಗೆಪಟ್ಟಿಯ ಒಳಮಗ್ಗುಲಲ್ಲಿ ಗಂಟು ಹಾಕಿ ಅಡಗಿಸಿಟ್ಟ ಆ ತುದಿಯನ್ನು ಹುಡುಕಿ, ಪಿನ್ನಿನಿಂದ ಗಂಟು ಸಡಿಲಿಸಿ, ಹಗುರಾಗಿ ಎಳೆದರೆ ಸಾಲಿನ ಮೇಲೆ ಸಾಲು ಸರಸರನೆ ಬಿಚ್ಚಿಕೊಂಡು ಬರುತ್ತಿತ್ತು. ಎದೆಯ ಭಾಗ, ಬೆನ್ನು, ಎರಡು ತೋಳು ಎಲ್ಲ ಕರಗಿ ಕೊನೆಗೆ ಉಳಿಯುತ್ತಿದ್ದದ್ದು ಮಡಿಲ ತುಂಬ ಉಲ್ಲನ್. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರು ಹೆಣೆಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಬಿಚ್ಚುವುದನ್ನೂ ಕಲಿಯುತ್ತಿದ್ದರು. ಅಣ್ಣನಿಗೆ ಮೊಣಕೈವರೆಗೆ ಏರಿಹೋದ ಸ್ವೆಟರು ತಂಗಿಯ ಮೈಗೆ ಬರುತ್ತಿತ್ತು. ಅದು ಮೊಣಕೈ ಬಳಿ ಸವೆದಾಗ ಮತ್ತೆ ಬಿಚ್ಚಿ, ಗಟ್ಟಿಯಾಗಿ ಉಳಿದಷ್ಟರಲ್ಲಿ ತಮ್ಮನಿಗೊಂದು ಕುಲಾವಿ, ಎರಡು ಕಾಲುಚೀಲ. ಅದಕ್ಕೂ ಮೀರಿ ಉಳಿದ ತುಂಡುಗಳಲ್ಲಿ ದೇವರಮನೆ ಬಾಗಿಲಿಗೆ ಗೊಂಡೆಯ ತೋರಣ.

ಇವತ್ತು ಅಂಗಡಿಯಿಂದ ತರುವ ಸ್ವೆಟರುಗಳಲ್ಲಿ ಬಹುಪಾಲಿಗೆ ಈ ತುದಿ ಇಲ್ಲ. ಯಂತ್ರದಲ್ಲಿ ಹೆಣೆದ ಥಾನನ್ನು ಕತ್ತರಿಯಿಂದ ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಹೊಡೆದು ಜೋಡಿಸಿರುತ್ತಾರೆ. ಬಿಚ್ಚಲು ಹೋದರೆ ಕೈಗೆ ಬರುವುದು ಒಂದೊಂದು ಸಾಲಿನ ತುಂಡು ನೂಲು. ಅದರಲ್ಲಿ ಮತ್ತೊಂದನ್ನು ಹೆಣೆಯಲು ಆಗದು. ಹಾಗಾಗಿ ಆ ಸ್ವೆಟರು ಒಬ್ಬರಿಗಾಗಿ ಬಂದು, ಒಬ್ಬರಲ್ಲೇ ಮುಗಿಯುತ್ತದೆ. ಹೆಣಿಗೆ ಮರೆಯಾಗುತ್ತಿದೆ ಎಂದು ಹಲವರು ಹಲುಬುತ್ತಾರೆ. ನನಗೆ ಹೆಚ್ಚು ಕಾಡುವುದು ಬಿಚ್ಚುವಿಕೆ ಮರೆಯಾದದ್ದು.

ಬಿಚ್ಚುವ ದಿನ ಮನೆಯ ಮಕ್ಕಳಿಗೆಲ್ಲ ಕೆಲಸವಿರುತ್ತಿತ್ತು. ಒಬ್ಬರು ಎಳೆಯಬೇಕು, ಇನ್ನೊಬ್ಬರು ಎರಡೂ ಕೈ ಮುಂದೆ ಚಾಚಿ ಕೂರಬೇಕು. ಆ ಕೈಗಳ ಸುತ್ತ ಅಜ್ಜಿ ಲಡಿ ಸುತ್ತುತ್ತಿದ್ದಳು. ಕೈ ಸೋತು ಕೆಳಗಿಳಿದರೆ "ಎತ್ತು ಮಗಾ, ನಿಂಗೇ ಅಲ್ವಾ ಟೊಪ್ಪಿ" ಎಂಬ ಆಮಿಷ. ಬಿಚ್ಚಿದ ಉಲ್ಲನ್ ಒತ್ತುಶಾವಿಗೆಯ ಹಾಗೆ ಗುಂಗುರು ಗುಂಗುರಾಗಿರುತ್ತದೆ, ಹಾಗೇ ಹೆಣೆದರೆ ಸಾಲು ಸಮ ಬರುವುದಿಲ್ಲ. ಅದಕ್ಕೇ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ ನೀರಿಳಿಸಿ, ಕೆಳತುದಿಗೊಂದು ಭಾರ ಕಟ್ಟಿ ತೂಗುಹಾಕುತ್ತಿದ್ದರು. ಮಳೆಗಾಲದಲ್ಲಿ ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಬಚ್ಚಲಿನ ಹಂಡೆಯ ಹಬೆಗೆ ಹಿಡಿಯುತ್ತಿದ್ದರು. ಹಬೆ ತಾಗಿದ ಎಳೆ ಮೆಲ್ಲಗೆ ನೆಟ್ಟಗಾಗುವುದನ್ನು ನೋಡಲು ನಾವು ಬಚ್ಚಲ ಬಾಗಿಲಲ್ಲಿ ಗುಂಪುಗಟ್ಟುತ್ತಿದ್ದೆವು. ಆ ಉಲ್ಲನ್‌ಗೆ ಆಮೇಲೆ ಎಷ್ಟೋ ದಿನ ಹೊಗೆಯ ವಾಸನೆ ಇರುತ್ತಿತ್ತು.

ಹಳೆಯ ಉಲ್ಲನ್ ಎಂದೂ ಸಾಕಾಗುತ್ತಿರಲಿಲ್ಲ. ಕೂಸಿನ ಸ್ವೆಟರಿಗೆ ನೂರು ನೂರೈವತ್ತು ಗ್ರಾಂ ಸಾಕು; ದೊಡ್ಡವರದ್ದಕ್ಕೆ ನಾನೂರು ಐನೂರು ಗ್ರಾಂ ಬೇಕು. ಪೇಟೆಗೆ ಹೋಗಿ ಅದೇ ಬಣ್ಣ ಕೇಳಿದರೆ ಹೊಸ ಲಾಟಿನ ಬಣ್ಣ ಒಂದು ಛಾಯೆ ಆಚೀಚೆ. ಹಾಗಾಗಿ ಕೊರತೆಯನ್ನೇ ಚಂದ ಮಾಡುತ್ತಿದ್ದರು: ತೋಳಿಗೊಂದು ಪಟ್ಟಿ, ಸೊಂಟದ ಬಳಿ ಎರಡು ಗೆರೆ, ಎದೆಗೆ ಅಡ್ಡಲಾಗಿ ಬೇರೆ ಬಣ್ಣದ ಬರ್ಫಿ ಡಿಸೈನು. ನನ್ನ ಒಂದು ಸ್ವೆಟರಿನಲ್ಲಿ ನೀಲಿ ಚಿಕ್ಕಪ್ಪನ ಕಾಲೇಜಿನದು, ಕಂದು ಅಜ್ಜನ ಮಫ್ಲರಿನದು, ಗುಲಾಬಿ ಅತ್ತೆ ಮದುವೆಗೆ ಮುಂಚೆ ತನಗಾಗಿ ಶುರುಮಾಡಿ ಅರ್ಧಕ್ಕೇ ಬಿಟ್ಟುಹೋದದ್ದು. ತವರಿಗೆ ಬಂದಾಗ ಅತ್ತೆ ಆ ಗುಲಾಬಿ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ, "ಇದು ನಂದು ಕಣೆ" ಎನ್ನುತ್ತಿದ್ದಳು. ಒಂದು ಮೈಮೇಲೆ ಮನೆಯ ಮೂವರು ಇರುತ್ತಿದ್ದರು. ಮಕ್ಕಳಿಗೆ ನಾಚಿಕೆಯೂ ಆಗುತ್ತಿತ್ತೆನ್ನಿ. ಶಾಲೆಯಲ್ಲಿ ಹೊಸ ಸ್ವೆಟರು ತೊಟ್ಟವರ ಪಕ್ಕ ಪಟ್ಟಿಪಟ್ಟಿಯದನ್ನು ತೊಟ್ಟು ನಿಲ್ಲುವುದು ಯಾರಿಗೆ ಬೇಕು?

ಮಲೆನಾಡಿನಲ್ಲಿ ಈ ಕೆಲಸ ಬೇರೂರಲು ಮಳೆಯೂ ಒಂದು ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಓಡಾಟ ಕಡಿಮೆ, ಒಳಗೆ ಬೆಳಕೂ ಕಡಿಮೆ. ಸಾದಾ ಹೆಣಿಗೆಗೆ ಬೆಳಕು ಬೇಡ. ಒಂದು ಸೀದಾ, ಒಂದು ಉಲ್ಟಾ ಎಂದು ಬೆರಳೇ ಎಣಿಸಿಕೊಳ್ಳುತ್ತದೆ. ಕಡ್ಡಿಗಳೂ ಮನೆಯವೇ. ಪೇಟೆಯಲ್ಲಿ ಒಂಬತ್ತು, ಹತ್ತು, ಹನ್ನೆರಡನೇ ನಂಬರಿನ ಕಡ್ಡಿ ಸಿಗುತ್ತಿತ್ತು, ಆದರೆ ಮುರಿದ ಕೊಡೆಯ ಕಡ್ಡಿಯನ್ನೂ ಸೈಕಲ್ ಕಡ್ಡಿಯನ್ನೂ ಕಲ್ಲಿಗೆ ತಿಕ್ಕಿ ಮೊನೆ ಮಾಡಿಕೊಂಡವರೇ ಹೆಚ್ಚು. ಡಿಸೈನು ಬರುತ್ತಿದ್ದದ್ದು ವಾರಪತ್ರಿಕೆಯ ಮಹಿಳಾ ಪುಟದಿಂದ, ಇಲ್ಲವೇ ಬಸ್ಸಿನಿಂದ. ಮುಂದಿನ ಸೀಟಿನಲ್ಲಿ ಕೂತವರ ಬೆನ್ನನ್ನೇ ದಿಟ್ಟಿಸಿ, ಮನೆ ತಲುಪುವಷ್ಟರಲ್ಲಿ ಲೆಕ್ಕ ಬಾಯಿಪಾಠ ಮಾಡಿಕೊಂಡು ಬಂದು, ಕೊಡೆ ಮೂಲೆಗಿಡುವ ಮೊದಲೇ ನಾಲ್ಕು ಸಾಲು ಹೆಣೆದು ನೋಡುತ್ತಿದ್ದ ದೊಡ್ಡಮ್ಮ ನಮ್ಮ ಮನೆಯಲ್ಲೇ ಇದ್ದಳು. ಅವಳು ಎಣಿಸುತ್ತಿದ್ದಾಗ ಯಾರಾದರೂ ಮಾತಾಡಿಸಿದರೆ ಉತ್ತರ ಒಂದೇ: "ತಡಿ ಮಾರಾಯ್ತಿ, ಸಾಲು ಮುಗೀಲಿ."

ಅಳತೆಗೆ ಟೇಪು ಇರಲಿಲ್ಲ. ಬೆನ್ನಿಗೆ ಅಡ್ಡಲಾಗಿ ಗೇಣು ಹಾಕುವುದು, ತೋಳಿಗೆ ನೂಲು ಹಿಡಿದು ಗಂಟು ಹಾಕಿಟ್ಟುಕೊಳ್ಳುವುದು. ದೂರದ ಊರಲ್ಲಿ ಓದುತ್ತಿದ್ದವನಿಗೂ ಅವನ ಹಳೆಯ ಅಂಗಿ ನೋಡಿ, "ಈಗ ಎರಡು ಬೆರಳು ಅಗಲ ಆಗಿರ್ತಾನೆ" ಎಂದು ಅಂದಾಜಿಸಿ ಹೆಣೆದರೆ ಸರಿಯಾಗಿ ಕೂರುತ್ತಿತ್ತು. ಮನೆಮಂದಿಯ ಮೈಯಳತೆಯೆಲ್ಲ ಒಬ್ಬಳ ಬೆರಳಲ್ಲಿತ್ತು. ಯಾರು ಸೊರಗಿದರು, ಯಾರು ಬೆಳೆದರು ಎಂಬುದು ಅವಳಿಗೇ ಮೊದಲು ತಿಳಿಯುತ್ತಿತ್ತು.

ಇಷ್ಟು ಹೇಳಿ ಆ ಕಾಲವನ್ನು ಬರೀ ಸಿಹಿಯೆಂದರೆ ಸುಳ್ಳಾಗುತ್ತದೆ. ಕೂತು ಹೆಣೆದವರಲ್ಲಿ ಎಷ್ಟೋ ಜನ ಕೂರಲೇಬೇಕಾಗಿದ್ದವರು. ಉಣ್ಣೆಗೆ ಮೈಲಿಗೆಯಿಲ್ಲ ಎಂಬ ನಂಬಿಕೆ ಕೆಲವು ಮನೆಗಳಲ್ಲಿತ್ತು. ತಿಂಗಳ ಆ ಮೂರು ದಿನ ಹೊರಗಿರಿಸಿದ ಹೆಣ್ಣಿನ ಕೈಗೆ ಕಡ್ಡಿ ಬರುತ್ತಿದ್ದದ್ದು ಹಾಗೆ. ಬೇಗ ಗಂಡನನ್ನು ಕಳೆದುಕೊಂಡು ತವರಿನ ಮೂಲೆ ಸೇರಿದವಳಿಗೆ ಮಕ್ಕಳ ಕುಲಾವಿ ಹೆಣೆಯುವುದೊಂದೇ ಯಾರೂ ಬೇಡವೆನ್ನದ ಕೆಲಸವಾಗಿತ್ತು. ಮಗು ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದೆಂಬ ಕಟ್ಟಳೆಯಿದ್ದುದರಿಂದ ಬಸುರಿಯ ಕಣ್ಣಿಗೆ ಬೀಳದಂತೆ ಹೆಣೆದು, ಕೇಳಿದವರಿಗೆ "ಪಕ್ಕದ ಮನೆಯವರದ್ದು" ಎಂದು ಹೇಳಿ, ನಾಮಕರಣದ ದಿನ ಪೆಟ್ಟಿಗೆಯಿಂದ ತೆಗೆಯುತ್ತಿದ್ದ ಸಂಭ್ರಮವೂ ಅವರದ್ದೇ. ದುಃಖವಿದ್ದ ಕೈಗೂ ಸಂತೋಷ ಕೊಡುವ ಕೆಲಸವಾಗಿತ್ತು ಅದು, ಎಂದಷ್ಟೇ ನಾನು ಹೇಳಬಲ್ಲೆ.

ಕಡ್ಡಿಯ ಬದಲು ಕೊಕ್ಕೆ ಹಿಡಿಯುವ ಕ್ರೋಶಾದ ರೀತಿ ಬೇರೆ. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಏಕಕಾಲಕ್ಕೆ ಜೀವಂತ. ಕಡ್ಡಿ ಜಾರಿದರೆ ಕುಣಿಕೆಗಳು ಏಣಿಯಂತೆ ಕೆಳಗಿಳಿಯುತ್ತವೆ. ಕ್ರೋಶಾದಲ್ಲಿ ಕೊಕ್ಕೆಗೆ ಸಿಕ್ಕ ಕೊನೆಯ ಕುಣಿಕೆಯೊಂದೇ ಬಿಚ್ಚಿಕೊಳ್ಳಲು ಕಾದಿರುತ್ತದೆ. ಅದಕ್ಕೇ ಹಾಲುಕ್ಕಿದರೆ ಹಾಗೇ ಬಿಟ್ಟು ಓಡಬಹುದು, ಮರಳಿ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಹತ್ತಿಯ ಆಂಕರ್ ದಾರದ ಬಿಳಿ ಉಂಡೆಯಿಂದ ಚೈನು ಹಾಕಿ, ಸುತ್ತು ಕೂಡಿಸಿ, ಸುತ್ತಿಗಿಷ್ಟು ಹೆಚ್ಚಿಸುತ್ತ ಹೋದರೆ ರೇಡಿಯೊದ ಹೊದಿಕೆ, ಆಮೇಲೆ ಟಿವಿಯ ಹೊದಿಕೆ, ಅಂಚಿಗೆ ಮಣಿ ಕಟ್ಟಿದ ಹಾಲಿನ ಪಾತ್ರೆಯ ಜಾಲರಿ. ಆ ಮಣಿ ಅಲಂಕಾರಕ್ಕೆಂದು ಬಹಳ ದಿನ ತಿಳಿದಿದ್ದೆ. ಗಾಳಿಗೆ ಜಾಲರಿ ಹಾರದಿರಲು ಅದರ ಭಾರ ಬೇಕಿತ್ತು. ಸ್ವೆಟರನ್ನು ಯಂತ್ರ ಹೆಣೆಯುತ್ತದೆ, ಆದರೆ ನಿಜವಾದ ಕ್ರೋಶಾವನ್ನು ಹಾಗೆ ಮಾಡಿಕೊಡುವ ಯಂತ್ರ ಇವತ್ತಿಗೂ ಕಾರ್ಖಾನೆಗಳಿಗೆ ಬಂದಿಲ್ಲ. ಮಾಲ್‌ನಲ್ಲಿ ಅಗ್ಗಕ್ಕೆ ತೂಗುಹಾಕಿದ ಕ್ರೋಶಾ ಮೇಲಂಗಿಯನ್ನೂ ಎಲ್ಲೋ ಒಬ್ಬಳು ಕೈಯಲ್ಲೇ ಮಾಡಿರುತ್ತಾಳೆ.

ಆ ಒಬ್ಬಳ ಕಥೆ ನೆರೆಯ ಆಂಧ್ರದಲ್ಲಿ ದಾಖಲಾಗಿದೆ. ಗೋದಾವರಿ ತೀರದ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ರಫ್ತಿನ ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅದರ ಬಗ್ಗೆ 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಪುಸ್ತಕವನ್ನೇ ಬರೆದರು. ದಿನವಿಡೀ ದುಡಿದರೂ ಅದನ್ನು ಗೃಹಿಣಿಯರ ಬಿಡುವಿನ ಕೆಲಸವೆಂದು ಕರೆದು ಪುಡಿಗಾಸು ಕೊಡಲಾಗುತ್ತಿತ್ತು ಎಂಬುದು ಅವರು ತೋರಿಸಿಕೊಟ್ಟ ಸತ್ಯ. ನಮ್ಮಲ್ಲಿ ಧಾರವಾಡದ ಕಡೆಯ ಕಸೂತಿಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮನೆಯ ಸ್ವೆಟರಿಗೆ, ಜಾಲರಿಗೆ ಅಂಥದ್ದೇನೂ ಇಲ್ಲ, ಇರುವಂತೆಯೂ ಇಲ್ಲ. ಅದು ಮಾರಾಟಕ್ಕೆ ಹೋಗಲೇ ಇಲ್ಲ. ಮಾರದ ವಸ್ತುವಿಗೆ ಬಿಲ್ಲಿಲ್ಲ, ಲೆಕ್ಕವಿಲ್ಲ. ಎಷ್ಟಿತ್ತೆಂದು ಬರೆದಿಡದ ಮೇಲೆ ಎಷ್ಟು ಹೋಯಿತೆಂದು ಹೇಳುವವರು ಯಾರು?

ಹೋದದ್ದು ಒಂದೇ ಏಟಿಗಲ್ಲ. 1960ರ ದಶಕದಿಂದ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ನೆಲೆಯೂರಿದ ಟಿಬೆಟನ್ನರು ಚಳಿಗಾಲ ಬಂತೆಂದರೆ ನಮ್ಮ ಪೇಟೆಗಳ ಬದಿಯಲ್ಲಿ ಸ್ವೆಟರಿನ ಸಾಲು ಅಂಗಡಿ ಹಾಕತೊಡಗಿದರು. ಲುಧಿಯಾನದಿಂದ ಬರುತ್ತಿದ್ದ ಆ ಬಣ್ಣಬಣ್ಣದ ಸ್ವೆಟರುಗಳು ಬೆಲೆಗೂ ಸುಲಭ, ಮಕ್ಕಳ ಕಣ್ಣಿಗೂ ಚಂದ. ಕ್ರಮೇಣ ಉಲ್ಲನ್ ಕೊಳ್ಳುವ ಕಾಸಿನಲ್ಲಿ ಸಿದ್ಧ ಸ್ವೆಟರೇ ಸಿಗುವಂತಾಯಿತು. ಶಾಲೆಗಳಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಸೂಚಿಸಿದ ಎಸ್‌ಯುಪಿಡಬ್ಲ್ಯು ಎಂಬ ಉತ್ಪಾದಕ ಕೆಲಸದ ಪಾಠ ಬಂತು. ಕೆಲವು ವರ್ಷ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಹುಡುಗಿಯರ ಜೊತೆ ಹುಡುಗರೂ ಕೊಕ್ಕೆ ಹಿಡಿದರು. ಪರೀಕ್ಷೆ ಹತ್ತಿರ ಬಂದಂತೆ ಆ ಪಿರಿಯಡ್ಡು ಗಣಿತದ ಪಾಲಾಗುತ್ತಿತ್ತು. ಹೆಂಗಸರು ಕೆಲಸಕ್ಕೆ ಹೊರಟರು, ಹೊರಡಲೇಬೇಕಿತ್ತು.

ಆದರೆ ಬಿಚ್ಚುವಿಕೆ ನಿಂತದ್ದಕ್ಕೆ ಇವೆಲ್ಲಕ್ಕಿಂತ ಸರಳವಾದ ಕಾರಣವೊಂದಿದೆ. ಬಿಚ್ಚಲು ಮುಂದೊಂದು ಮಗು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಇದು ಹೆಣ್ಣಿನ ಆರೋಗ್ಯಕ್ಕೆ, ಓದಿಗೆ, ಸ್ವಾತಂತ್ರ್ಯಕ್ಕೆ ಒಳ್ಳೆಯದೇ ಆಯಿತು. ಜೊತೆಗೇ ಅಣ್ಣನ ಸ್ವೆಟರಿಗೆ ಕಾಯುವ ತಂಗಿ, ತಂಗಿಯದಕ್ಕೆ ಕಾಯುವ ತಮ್ಮ ಎಂಬ ಸಾಲೂ ಮುಗಿಯಿತು. ಚಿಕ್ಕದಾದ ಬಟ್ಟೆ ಈಗ ಚೀಲ ತುಂಬಿ ಅನಾಥಾಶ್ರಮಕ್ಕೋ ಕೆಲಸದವರ ಮನೆಗೋ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಟ್ಟದ್ದು ಯಾರ ಮೈಮೇಲೆ ಹೇಗೆ ಕೂತಿತೆಂದು ಕೊಟ್ಟವರು ನೋಡುವುದಿಲ್ಲ.

ಕೊಕ್ಕೆ ಮಾತ್ರ ಸತ್ತಿಲ್ಲ. ಅದು ಸೀರೆಯ ಸೆರಗಿಗೆ ದಾಟಿಕೊಂಡಿದೆ. ಬೆಂಗಳೂರಿನ ಬಡಾವಣೆಯಿಂದ ಹಿಡಿದು ಸಣ್ಣ ಊರಿನವರೆಗೆ ಬ್ಲೌಸ್ ಹೊಲಿಯುವ ಅಂಗಡಿಗಳಲ್ಲಿ ಕ್ರೋಶಾ ಕುಚ್ಚಿನ ಮಾದರಿಗಳು ತೂಗುತ್ತಿರುತ್ತವೆ. ಮಣಿ ಪೋಣಿಸಿ ರೇಷ್ಮೆದಾರದಲ್ಲಿ ಕುಚ್ಚು ಹಾಕಿ ಮನೆ ನಡೆಸುವ ಹೆಂಗಸರಿದ್ದಾರೆ. ಅವರ ಬೆರಳಿಗೆ ಬೆಲೆ ಸಿಕ್ಕಿದೆ, ಅಜ್ಜಿಯ ಬೆರಳಿಗೆ ಸಿಕ್ಕಿರಲಿಲ್ಲ. ಇದರಲ್ಲಿ ಹಲುಬುವಂಥದ್ದು ಏನೂ ಇಲ್ಲ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹೆಂಗಸರು ತುಂಡು ತುಂಡು ಸೇರಿಸಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಕಾಲೇಜು ಹುಡುಗಿಯರು ಯೂಟ್ಯೂಬ್ ನೋಡಿ ಪುಟ್ಟ ಕರಡಿ, ಮೊಲ, ಸೂರ್ಯಕಾಂತಿ ಹೆಣೆದು ಮಾರುತ್ತಾರೆ. ಕೈ ಚುರುಕಾಗಿದೆ, ಬಣ್ಣದ ಆಯ್ಕೆ ನಮ್ಮ ಅಜ್ಜಿಯರಿಗಿಂತ ಚೆನ್ನಾಗಿದೆ.

ಹಾಗಾದರೆ ನನ್ನ ಕೊರಗು ಯಾವುದರ ಬಗ್ಗೆ? ನನಗೆ ಗೊತ್ತಿರುವ ಮನೆಗಳಲ್ಲಿ ಇನ್ನೂ ಹೆಣೆಯಬಲ್ಲ ಅತ್ತೆಯರು, ದೊಡ್ಡಮ್ಮಂದಿರು ಇದ್ದಾರೆ. ಮೊಮ್ಮಗುವಿಗೆ ಹೆಣೆದು ಕಳಿಸಿದರೆ "ಚುಚ್ಚುತ್ತೆ", "ವಾಷಿಂಗ್ ಮಷಿನ್ನಿಗೆ ಆಗಲ್ಲ" ಎಂಬ ಮಾತು ಫೋನಿನಲ್ಲಿ ಬರುತ್ತದೆ. ಫೋಟೊ ತೆಗೆಯಲು ಒಮ್ಮೆ ತೊಡಿಸುತ್ತಾರೆ. ಅವರೂ ಬೇಸರ ಮಾಡಿಕೊಳ್ಳದೆ ಹೆಣೆಯುವುದನ್ನು ಬಿಟ್ಟಿದ್ದಾರೆ. ಉಲ್ಲನ್ ಸಿಗುತ್ತದೆ, ಕಡ್ಡಿ ಸಿಗುತ್ತದೆ, ಯಾವ ಡಿಸೈನು ಬೇಕಾದರೂ ಮೊಬೈಲಿನಲ್ಲೇ ಸಿಗುತ್ತದೆ. ಸಿಗದಿರುವುದು ಕೇಳುವವರು. ಈ ಕೆಲಸ ತಾನಾಗಿ ಶುರುವಾಗುತ್ತಿರಲಿಲ್ಲ. "ಅಣ್ಣನದು ಬಿಚ್ಚಿ ನಂಗೊಂದು ಹಾಕಿಕೊಡು" ಎಂದು ಮನೆಯ ಒಬ್ಬರು ಹಟ ಹಿಡಿಯಬೇಕಿತ್ತು. ಅಂಗಡಿಯಲ್ಲಿ ಎಲ್ಲವನ್ನೂ ಕೊಳ್ಳಬಲ್ಲವರಾದ ಮೇಲೆ ನಾವು ಮನೆಯವರ ಹತ್ತಿರ ಕೇಳುವುದನ್ನು ಬಿಟ್ಟೆವು. ಕೊಡಲು ಕೈತುಂಬ ಇಟ್ಟುಕೊಂಡವರಿಗೆ ಯಾರೂ ಏನನ್ನೂ ಕೇಳದಿರುವುದಕ್ಕಿಂತ ದೊಡ್ಡ ನಿರುದ್ಯೋಗ ಬೇರೊಂದಿಲ್ಲ.