ಸೋಮಾರಿ ರೈಲು ಬಿಟ್ಟುಹೋದ ಉಂಬಳಿ

ಸೈಕಲ್ ಹತ್ತಿ ಬೆಟ್ಟಕ್ಕೆ ಹೋಗುವವರಲ್ಲಿ ಎರಡು ಪಂಗಡ. ಏರು ಕಂಡರೆ ಕಣ್ಣರಳಿಸುವವರದು ಒಂದು. ಏರು ಕಂಡೊಡನೆ ಕೆಳಗಿಳಿದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ಮುಂದೆ ಕಣ್ಣಾಡಿಸಿ, ಸೈಕಲ್ ತಳ್ಳುವವರದು ಇನ್ನೊಂದು. ಮೊದಲ ಪಂಗಡದವರಿಗೆಂದೇ ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ ಜಾವು ಎಂಬ ಘಾಟಿಯಿದೆ. ಸುಮಾರು 10 ಕಿಲೋಮೀಟರ್ ಉದ್ದಕ್ಕೂ ಶೇ. 9ಕ್ಕೆ ಕಡಿಮೆಯಿಲ್ಲದ ಸರಾಸರಿ ಏರು. ನೆತ್ತಿ 2,236 ಮೀಟರಿನಲ್ಲಿ. ಜುಲೈ ತಿಂಗಳ ಒಂದು ಭಾನುವಾರ ಕಾರುಗಳನ್ನೆಲ್ಲ ತಡೆದು, ಸಾವಿರಾರು ಮಂದಿ ಇದನ್ನೂ ಇದರ ಅಣ್ಣತಮ್ಮಂದಿರನ್ನೂ ಹತ್ತಿ ಇಳಿಯುತ್ತಾರೆ. ಅವರ ಫೋಟೋ ನೋಡಿದ್ದೇನೆ. ಪರ್ವತದ ಕಡೆ ತಿರುಗಿದ ಮುಖ ಒಂದೂ ಇಲ್ಲ. ಎಲ್ಲರ ದೃಷ್ಟಿಯೂ ಮುಂದೆ ಹೋಗುತ್ತಿರುವವನ ಹಿಂದಿನ ಚಕ್ರದ ಮೇಲೆ.

ನಾನು ಯಾವ ಸಂಕೋಚವೂ ಇಲ್ಲದೆ ಎರಡನೆಯ ಪಂಗಡದವನು. ಡೊಲೊಮೈಟ್ ನಮ್ಮನ್ನೂ ಕೈಬಿಟ್ಟಿಲ್ಲ. ಆಸ್ಟ್ರಿಯದ ಗಡಿಗೆ ಹತ್ತಿರದ ದೊಬ್ಬಿಯಾಕೊ ಎಂಬ ಊರಿನಿಂದ ಕೊರ್ತೀನಾ ದಂಪೆತ್ಸೊ ಹಾಯ್ದು ಕಾಲಾಲ್ತ್ಸೊವರೆಗೆ ಸುಮಾರು 65 ಕಿಲೋಮೀಟರ್ ಸೈಕಲ್ ದಾರಿ ಇದೆ. ನಿಸರ್ಗ ಉದ್ಯಾನಗಳ ಮಗ್ಗುಲಲ್ಲಿ, ಮೂರು ಸಾವಿರ ಮೀಟರ್ ದಾಟಿದ ಶಿಖರಗಳ ಬುಡದಲ್ಲಿ ಸಾಗಿದರೂ ಎದೆ ಬಿರಿಯುವ ಏರು ಎಲ್ಲೂ ಇಲ್ಲ. ಊರುಗಳೊಳಗೆ ಅಲ್ಲಲ್ಲಿ ರಸ್ತೆಗೆ ಮುಖ ತೋರಿಸಬೇಕಾದ್ದು ಬಿಟ್ಟರೆ ಕಾರಿನ ಕಾಟವೂ ಇಲ್ಲ. ಏಕೆಂದರೆ ಇದು ಮೊದಲು ರೈಲುದಾರಿ.

ರೈಲಿನಷ್ಟು ಸೋಮಾರಿ ವಾಹನ ಇನ್ನೊಂದಿಲ್ಲ. ನುಣುಪು ಹಳಿಯ ಮೇಲೆ ನುಣುಪು ಚಕ್ರ. ಏರು ತುಸು ಹೆಚ್ಚಾದರೂ ನಿಂತಲ್ಲೇ ಜಾರುತ್ತದೆ. ಅದರ ಉಪಚಾರಕ್ಕಾಗಿ ಎಂಜಿನಿಯರುಗಳು ಗುಡ್ಡವನ್ನು ಬಳಸಿ, ಕಂದರಕ್ಕೆ ಸೇತುವೆ ಕಟ್ಟಿ, ಬಂಡೆಗೆ ಸುರಂಗ ಕೊರೆದು ದಾರಿ ಮಾಡಿಕೊಡಬೇಕು. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರಿಗೆ ಒಂದು ಮೀಟರ್ ಏರು. ದೊಬ್ಬಿಯಾಕೊದಿಂದ ಈ ಸೈಕಲ್ ದಾರಿಯ ನೆತ್ತಿಗೆ 15-16 ಕಿಲೋಮೀಟರಿನಲ್ಲಿ 300 ಮೀಟರಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ ಅದೂ ಹೆಚ್ಚುಕಡಿಮೆ ಅಷ್ಟೇ. ಗೇಜ್ ಪರಿವರ್ತನೆಗೆಂದು ನಮ್ಮ ಘಾಟಿಯಲ್ಲಿ ರೈಲು ನಿಂತಿದ್ದ ವರ್ಷಗಳಲ್ಲಿ ಚಾರಣಿಗರು ಹಳಿಗುಂಟ ನಡೆದು ಸುಖಪಟ್ಟರು. ಆಮೇಲೆ ರೈಲು ಮರಳಿತು, ನಡಿಗೆಗೆ ನಿಷೇಧ ಬಿತ್ತು. ಅದು ನ್ಯಾಯವೇ, ರೈಲಿನ ದಾರಿ ರೈಲಿಗೆ. ದೊಬ್ಬಿಯಾಕೊದಲ್ಲಿ ಮಾತ್ರ ರೈಲು ಮರಳಲಿಲ್ಲ.

ಅದು ಹುಟ್ಟಿದ್ದೇ ಯುದ್ಧದ ಹೊಟ್ಟೆಯಲ್ಲಿ. 1915ರ ಮೇ ತಿಂಗಳಲ್ಲಿ ಇಟಲಿ ಆಸ್ಟ್ರಿಯ-ಹಂಗೇರಿಯ ಮೇಲೆ ಯುದ್ಧ ಸಾರಿದಾಗ ಈ ಬೆಟ್ಟಸಾಲೇ ರಣರಂಗ. ಉತ್ತರದಿಂದ ಆಸ್ಟ್ರಿಯದವರು, ದಕ್ಷಿಣದಿಂದ ಇಟಲಿಯವರು ಮದ್ದುಗುಂಡು ಸಾಗಿಸಲು ತಂತಮ್ಮ ಕಡೆ ಸಣ್ಣ ಹಳಿ ಹಾಸಿಕೊಂಡರು. ಯುದ್ಧ ಮುಗಿದ ಮೇಲೆ ಎರಡು ತುದಿಗಳನ್ನೂ ಬೆಸೆದು 1921ರಲ್ಲಿ ಪ್ರಯಾಣಿಕರ ರೈಲು ಬಿಟ್ಟರು. 1929ರಲ್ಲಿ ವಿದ್ಯುತ್ ಬಂತು. 1956ರ ಚಳಿಗಾಲದ ಒಲಿಂಪಿಕ್ಸ್‌ಗೆ ಪ್ರೇಕ್ಷಕರನ್ನು ಕೊರ್ತೀನಾಕ್ಕೆ ಹೊತ್ತು ತಂದದ್ದು ಇದೇ ಪುಟ್ಟ ರೈಲು. ಎಂಟೇ ವರ್ಷ, 1964ರಲ್ಲಿ ಬಾಗಿಲು ಹಾಕಿತು. ಜನ ಕಾರು ಕೊಂಡಿದ್ದರು, ಬಸ್ಸು ಹತ್ತಿದ್ದರು. ಹಾಗೆ ಕಾರು ಕೊಂದ ರೈಲಿನ ದಾರಿಗೆ ಇವತ್ತು ಕಾರಿಗೇ ಪ್ರವೇಶವಿಲ್ಲ ಎಂಬುದರಲ್ಲಿ ನನಗೊಂದು ಸಣ್ಣ ದುಷ್ಟ ಸಂತೋಷವಿದೆ.

ದೊಬ್ಬಿಯಾಕೊದಿಂದ ಹೊರಟರೆ ಮೊದಲು ಜಲ್ಲಿಯ ದಾರಿ, ಪೈನ್ ಮರಗಳ ನಡುವೆ, ರಿಯೆನ್ತ್ಸ ಹೊಳೆಗೆ ಎದುರಾಗಿ. ಸಂಗೀತಗಾರ ಗುಸ್ತಾವ್ ಮಾಹ್ಲರ್ 1908ರಿಂದ 1910ರವರೆಗೆ ಬೇಸಿಗೆಗಳನ್ನು ಕಳೆದದ್ದು ಈ ಊರಿನ ಮಗ್ಗುಲಲ್ಲಿ. ಒಂಬತ್ತನೆಯ ಸಿಂಫನಿ ಬರೆದದ್ದು ಇಲ್ಲಿನ ಮರದ ಗುಡಿಸಲಿನಲ್ಲಿ. ಯೌವನದಲ್ಲಿ ಸೈಕಲ್ ಹುಚ್ಚಿದ್ದ ಮನುಷ್ಯ. 1907ರಲ್ಲಿ ಹೃದಯದ ದೋಷ ಪತ್ತೆಯಾಗಿ, ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದೆಲ್ಲ ಬಿಡಬೇಕಾಯಿತು. ಐವತ್ತರಲ್ಲಿ ಒಂದರ ಏರು ಅವರ ಕಾಲಕ್ಕೇ ಸಿಕ್ಕಿದ್ದರೆ ವೈದ್ಯರು ಸ್ವಲ್ಪ ಮೆತ್ತಗಾಗುತ್ತಿದ್ದರೇನೋ.

ಮುಂದೆ ಕೆರೆಯೊಂದು ಕಳೆದು, ದಾರಿಯ ಬದಿಯಲ್ಲೇ ಮರಗಳ ಕೆಳಗೆ ಸೈನಿಕರ ಸಮಾಧಿಗಳು. ಮೇಲೆ ಕಾಣುವ ಮೊಂತೆ ಪಿಯಾನಾದ ನೆತ್ತಿಗಾಗಿ ಎರಡು ಸೈನ್ಯಗಳು 1917ರವರೆಗೂ ಬಡಿದಾಡಿದವು. ಅಲ್ಲಿ ಸತ್ತವರು ಇಲ್ಲಿದ್ದಾರೆ. ಸೈಕಲ್ಲಿನವರು ತಾವಾಗಿಯೇ ಇಳಿದು ನಡೆಯುವ ಜಾಗ ಇದು. ಇನ್ನೊಂದಷ್ಟು ದೂರ ಹೋದರೆ ಎಡಗಡೆ ಕಣಿವೆ ಫಕ್ಕನೆ ತೆರೆದು, ತುದಿಯಲ್ಲಿ ತ್ರೆ ಚೀಮೆ ಎಂಬ ಮೂರು ಕಲ್ಲುಗೋಡೆಗಳು ನಿಲ್ಲುತ್ತವೆ. ಇವುಗಳನ್ನು ಹತ್ತಿರದಿಂದ ನೋಡಲು ಆ ಕಡೆ ಕಾರಿನ ಸಾಲು, ಟೋಲ್, ಪಾರ್ಕಿಂಗ್. ಈ ಕಡೆ ಒಂದು ಕಾಲು ನೆಲಕ್ಕೂರಿದರೆ ಸಾಕು. ಮೂರರಲ್ಲಿ ದೊಡ್ಡದರ ಎತ್ತರ 2,999 ಮೀಟರ್. ಯಾರಾದರೂ ಮೇಲೆ ಹತ್ತಿ ಒಂದು ಮೀಟರ್ ಕಲ್ಲು ಪೇರಿಸಿ ಲೆಕ್ಕ ಸರಿಮಾಡಬಾರದೇ ಎಂದು ನನ್ನೊಳಗಿನ ಗುಮಾಸ್ತ ಕೇಳಿದ. ಹಾಗೇ ಬಿಟ್ಟಿದ್ದಾರೆ, ದೊಡ್ಡತನ.

ಲಾಂದ್ರೊ ಕೆರೆಯಲ್ಲಿ ಕ್ರಿಸ್ತಾಲ್ಲೊ ಶಿಖರದ ನೆರಳು ನೋಡಿಕೊಂಡು ತುಳಿಯುತ್ತಿದ್ದರೆ ಚೀಮಾ ಬಾಂಕೆ ಬಂದೇಬಿಡುತ್ತದೆ: 1,530 ಮೀಟರ್, ಇಡೀ ದಾರಿಯ ನೆತ್ತಿ. ನೆತ್ತಿಯೆಂದು ಫಲಕ ಹೇಳಿದರೇ ಗೊತ್ತಾಗುವುದು. ಬಿಸಿಲೆಯ ಬೆಟ್ಟಸಾಲಿನಲ್ಲಿ ಆಚೆ ಬಿದ್ದ ಹನಿ ಅರಬ್ಬಿಗೆ, ಈಚೆ ಬಿದ್ದದ್ದು ಬಂಗಾಳಕೊಲ್ಲಿಗೆ ಎಂದು ಕೇಳಿ ಬೆಳೆದವನಿಗೆ ಇಲ್ಲಿ ಸ್ವಲ್ಪ ನಿರಾಸೆ. ಉತ್ತರಕ್ಕೆ ಹರಿದ ನೀರು ಊರೂರು ಸುತ್ತಿ ಆದಿಜೆ ನದಿ ಸೇರುತ್ತದೆ, ದಕ್ಷಿಣದ್ದು ಪಿಯಾವೆ ಸೇರುತ್ತದೆ. ಕೊನೆಗೆ ಎರಡೂ ಏಡ್ರಿಯಾಟಿಕ್ ಸಮುದ್ರಕ್ಕೇ.

ಇನ್ನು ಇಳಿಜಾರು. ಫೆಲಿಜೊನ್ ಕಂದರದ ಮೇಲೆ ರೈಲಿನ ಹಳೆಯ ಸೇತುವೆ, ಸುರಂಗಗಳು, ತಣ್ಣನೆ ಗಾಳಿ. ಬ್ಯಾಟರಿ ಸೈಕಲ್ಲಿನ ಅಜ್ಜ ಅಜ್ಜಿಯರು ಏರಿ ಬರುತ್ತಿರುತ್ತಾರೆ, ಹಣೆಯಲ್ಲಿ ಒಂದು ಹನಿ ಬೆವರಿಲ್ಲದೆ. ಮೊದಲ ಪಂಗಡದವರು ಅವರನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಬಾಡಿಗೆ ದರ ವಿಚಾರಿಸಿಕೊಂಡೆ.

ಕೊರ್ತೀನಾ ದುಬಾರಿ ಊರು, ಅಂಗಡಿ ಕಿಟಕಿಗಳಲ್ಲಿ ಕೈಗಡಿಯಾರಗಳೇ ಗುಡ್ಡ ಹಾಕಿವೆ. ಆದರೆ ಸುತ್ತಲಿನ ಕಾಡು ಮತ್ತು ಹುಲ್ಲುಗಾವಲಿನ ಬಹುಪಾಲನ್ನು ಯಾವ ಶ್ರೀಮಂತನೂ ಕೊಳ್ಳಲಾರ. ಅದು ರೆಗೊಲೆ ಎಂಬ ಊರೊಟ್ಟಿನ ಸಂಘಗಳಿಗೆ ಸೇರಿದ್ದು. ಹಳೆಯ ಮನೆತನಗಳು ಮಧ್ಯಯುಗದಿಂದ ಒಟ್ಟಾಗಿ ಅನುಭವಿಸುತ್ತ, ಒಟ್ಟಾಗಿ ಕಾಯುತ್ತ ಬಂದ ನೆಲ. ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ಎಷ್ಟು ಮರ ಕಡಿಯಬೇಕು, ಯಾರ ದನ ಎಲ್ಲಿ ಮೇಯಬೇಕು ಎಂದು ನಿರ್ಧರಿಸುವವರು ಅವರೇ. 1990ರಲ್ಲಿ ವೆನೆತೊ ಪ್ರಾಂತ್ಯ ಇಲ್ಲಿ ನಿಸರ್ಗ ಉದ್ಯಾನ ಘೋಷಿಸಿದಾಗ ಅದರ ಆಡಳಿತವನ್ನೂ ಅವರಿಗೇ ಒಪ್ಪಿಸಿತು. ಈ ಸಂಘಗಳು ಸ್ವರ್ಗದಿಂದ ಇಳಿದವೇನಲ್ಲ. ಹೊಸಬರಿಗೆ ಒಳಗೆ ಜಾಗವಿಲ್ಲ. ಹೆಣ್ಣುಮಕ್ಕಳಿಗೆ ಹಕ್ಕು ಕೊಡುವುದರಲ್ಲಿ ಪಿತ್ರಾರ್ಜಿತದ ವಿಷಯದಲ್ಲಿ ನಮ್ಮ ಹಿರಿಯರಿದ್ದಷ್ಟೇ ಜಿಪುಣರಾಗಿದ್ದರು. ಆದರೂ ಗೋಮಾಳಗಳು ಬಡಾವಣೆಗಳಾದ ನಾಡಿನಿಂದ ಹೋದವನಿಗೆ ಆ ಹುಲ್ಲಿನ ಅಂಚಿನಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತ ನಿಲ್ಲಬೇಕೆನಿಸಿದರೆ ತಪ್ಪಿಲ್ಲ. ಸೈಕಲ್ ದಾರಿಯ ಪಕ್ಕ ರೆಸಾರ್ಟ್ ಮೇಲೆ ರೆಸಾರ್ಟ್ ಏಳದಿರುವುದಕ್ಕೆ ಈ ಮಾರಲಾಗದ ನೆಲವೂ ಒಂದು ಕಾರಣ ಎಂದೇ ನನ್ನ ತೀರ್ಮಾನ.

2026ರ ಫೆಬ್ರವರಿಯಲ್ಲಿ ಒಲಿಂಪಿಕ್ಸ್ ಮತ್ತೆ ಕೊರ್ತೀನಾಕ್ಕೆ ಬಂದಾಗ ಊರಿಗೆ ರೈಲಿರಲಿಲ್ಲ. ಚಳಿಗಾಲದಲ್ಲಿ ದೊಬ್ಬಿಯಾಕೊ-ಕೊರ್ತೀನಾ ದಾರಿ ಹಿಮ ಹೊದ್ದು ಸ್ಕೀ ಮಾಡುವವರ ಪಾಲಾಗುತ್ತದೆ. ಸೈಕಲ್ಲಿನವರು ಆ ಕಾಲಕ್ಕೆ ಆಸೆಪಡುವುದು ಬೇಡ.

ಕೊರ್ತೀನಾದಿಂದ ಕೆಳಗೆ ಡಾಂಬರು. ಎಡಕ್ಕೆ 3,264 ಮೀಟರಿನ ಆಂತೆಲಾವೊ, ಬಲಕ್ಕೆ ಪೆಲ್ಮೊ, ಹಳೆಯ ರೈಲು ನಿಲ್ದಾಣಗಳು, ಹಳ್ಳಿಗಳು. ಚಿತ್ರಕಾರ ಟಿಷಿಯನ್ ಹುಟ್ಟಿದ ಪಿಯೆವೆ ದಿ ಕಾದೋರೆ ಕೊನೆಗೆ ಸಿಗುತ್ತದೆ. ಕನ್ನಡಕ ತಯಾರಿಕೆಗೆ ಹೆಸರಾದ ಸೀಮೆ ಇದು. ಅಲ್ಲಿ ಕನ್ನಡಕಗಳದ್ದೇ ಒಂದು ಸಂಗ್ರಹಾಲಯವಿದೆ.

ಹೋಗುವ ಮನಸ್ಸಿದ್ದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಒಳಗೆ ಹೋಗಿ. ಸೈಕಲ್ಲಿಗೆ ದೀಪ, ಗಂಟೆ ಎರಡೂ ಇರಲಿ, ಸುರಂಗಗಳಿವೆ. ದೊಬ್ಬಿಯಾಕೊದಿಂದಲೇ ಹೊರಡಿ: ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಏರು, ಉಳಿದದ್ದೆಲ್ಲ ಹೆಚ್ಚಾಗಿ ಇಳಿಜಾರು. ಕಾಲಾಲ್ತ್ಸೊದಿಂದ ವಾಪಸಾಗಲು ಬೇಸಿಗೆಯಲ್ಲಿ ಸೈಕಲ್ ಹೇರಿಕೊಳ್ಳುವ ಬಸ್ಸುಗಳಿವೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಧಾರಾಳವಾಗಿ ಹತ್ತಿ.