ಏಳದ ಕಾಟಾ

ಮುಂಬೈ ಕಡೆ ಕಾರು ಓಡಿಸುವ ನಮಗೆಲ್ಲ ಎಂಜಿನ್ ಬಗ್ಗೆ ಇರುವ ಭಯ ಒಂದೇ, ಅದು ಬಿಸಿಯಾಗುವುದು. ಮೇ ತಿಂಗಳಲ್ಲಿ ಕಲ್ಯಾಣ್-ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಎಂಜಿನ್ ತಣ್ಣಗಿದೆ ಎಂದು ಚಿಂತೆ ಮಾಡಿದವರನ್ನು ನಾನಂತೂ ಕಂಡಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಆ ರೋಗ ನಮ್ಮ ಗಾಡಿಯಲ್ಲೇ ಇದೆ ಎಂದು ಗೊತ್ತಾಯಿತು. ಕಂಡುಹಿಡಿದವರು ಅಪ್ಪ.

ಅಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಅವರನ್ನು ಒತ್ತಾಯ ಮಾಡಿ ಡೊಂಬಿವಲಿಗೆ ಕರೆತಂದಿದ್ದೆ. ಇಲ್ಲಿ ಅವರಿಗೆ ಊಟ, ಟಿವಿ, ನಾಲ್ಕನೇ ಮಹಡಿಯ ಕಿಟಕಿ ಬಿಟ್ಟರೆ ಬೇರೇನಿರಲಿಲ್ಲ. ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಎರಡು ಸಲ ಕರೆದುಕೊಂಡು ಹೋದೆ. ಬಂದರು, ಹಿಂದಿನ ಸಾಲಿನಲ್ಲಿ ಕುಳಿತರು, ಎದ್ದು ಬಂದರು. ಮಾತು ಕಡಿಮೆಯಾಗುತ್ತಾ ಹೋಯಿತು. "ಜನವರಿಗೆ ನಿಮ್ಮವ್ವನ ವರ್ಷದ ಪೂಜಿ ಆತಂದ್ರ ನಾ ಅಲ್ಲೇ ಇರತೀನಿ" ಎಂದು ಒಂದು ದಿನ ಹೇಳಿದರು. ಬೀಗ ಹಾಕಿದ ಆ ಮನೆಯಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಒಬ್ಬರೇ. ನಾನು ಏನೂ ಅನ್ನಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬೇಲಾಪುರದಲ್ಲಿ ನೆಂಟರ ಗೃಹಪ್ರವೇಶ ಇತ್ತು. ಬೆಳಗಿನ 5 ಗಂಟೆಗೇ ಹೊರಟೆವು. ಆ ವಾರ ನಮ್ಮ ಕಡೆ ಒಳ್ಳೆಯ ಚಳಿ. ಕಾರಿನ ಡಿಸ್‌ಪ್ಲೇ ಹೊರಗೆ 16 ಡಿಗ್ರಿ ಎನ್ನುತ್ತಿತ್ತು. ಶಿಳ್‌ಫಾಟಾ, ಮಹಾಪೆ ದಾಟಿ ಠಾಣೆ-ಬೇಲಾಪುರ ರಸ್ತೆಗೆ ಬಿದ್ದಾಗ ಪಕ್ಕದಲ್ಲಿದ್ದ ಅಪ್ಪ ಬಾಗಿ ಮೀಟರ್ ನೋಡಿದರು.

"ಏನಪಾ, ಕಾಟಾ ಏಳವಲ್ದಲ್ಲ?"

"ಥಂಡಿ ಐತಲ್ಲಪಾ" ಎಂದೆ.

"ಇಪ್ಪತ್ತು ಕಿಲೋಮೀಟರ್ ಬಂದೀವಿ. ಥಂಡಿ ನಮಗ, ಎಂಜಿನ್ನಿಗಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಮಹಾಪೆ ಸಿಗ್ನಲ್‌ದಾಗ ನಿಂತಾಗ ಏರಿತ್ತು. ಓಡಾಕ ಹತ್ತಿದ ಮ್ಯಾಲ ಇಳೀತು" ಎಂದರು. ಬಹಳ ದಿನಗಳ ಮೇಲೆ ಅವರು ಆಡಿದ ಉದ್ದನೆಯ ಮಾತು ಅದು.

ಮನೆಗೆ ಬಂದ ಮೇಲೆ ಯೋಚಿಸಿದೆ. ಮೈಲೇಜ್ ಲೀಟರಿಗೆ 16ರಿಂದ 13ಕ್ಕೆ ಇಳಿದು ಬಹಳ ಕಾಲವಾಗಿತ್ತು. ಪೆಟ್ರೋಲ್ ಸರಿಯಿಲ್ಲ, ಟ್ರಾಫಿಕ್ ಹೆಚ್ಚಾಗಿದೆ ಎಂದುಕೊಂಡು ಸುಮ್ಮನಿದ್ದೆ. ನನ್ನ ಕೆಲಸವೇ ಸರ್ವರುಗಳು ಯಾಕೆ ನಿಧಾನವಾದವು ಎಂದು ಹುಡುಕುವುದು. ಸ್ವಂತ ಗಾಡಿಯ ಲಾಗ್ ಮಾತ್ರ ನೋಡಿರಲಿಲ್ಲ.

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ತರಿಸಿದೆ. ಮೊದಲ ಅನುಮಾನ ಸೆನ್ಸರಿನ ಮೇಲೆ: ಎಂಜಿನ್ ನಿಜವಾಗಿ ತಣ್ಣಗಿದೆಯೋ, ಸೆನ್ಸರ್ ಸುಳ್ಳು ಹೇಳುತ್ತಿದೆಯೋ? ಇದಕ್ಕೊಂದು ಸುಲಭ ಪರೀಕ್ಷೆ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟಿನ ಉಷ್ಣತೆಯೂ ಒಳಗೆ ಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಬೆಳಿಗ್ಗೆ ನೋಡಿದರೆ ಒಂದು 20, ಇನ್ನೊಂದು 19. ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ. ರೇಡಿಯೇಟರ್ ಫ್ಯಾನ್ ಸುಮ್ಮನೆ ತಿರುಗುತ್ತಿದೆಯೇ ಎಂದೂ ನೋಡಿದೆವು, ಇಲ್ಲ. ಮೀಟರಿನಲ್ಲಿ ಎಚ್ಚರಿಕೆಯ ದೀಪ ಹತ್ತಿರಲಿಲ್ಲ, ಆದರೆ ಆ್ಯಪಿನಲ್ಲಿ ಪಿ0128 ಎಂಬ ಕೋಡ್ ಕಾಯುತ್ತಾ ಕೂತಿತ್ತು. ಥರ್ಮೋಸ್ಟಾಟ್ ಇರಬೇಕಾದ ಮಟ್ಟಕ್ಕೆ ಕೂಲಂಟ್ ಕಾಯುತ್ತಿಲ್ಲ ಎಂದು ಅದರ ಅರ್ಥ.

ಅಪ್ಪನಿಗೆ ಮೊಬೈಲ್ ತೋರಿಸಿದೆ. ನೋಡಿದರು, ತಿರುಗಿ ಕೊಟ್ಟರು. "ಚಾಲೂ ಮಾಡು" ಎಂದು ರೇಡಿಯೇಟರಿನ ಮೇಲಿನ ಹೋಸ್ ಪೈಪಿನ ಮೇಲೆ, ಫ್ಯಾನಿಗೆ ತಾಗದ ಹಾಗೆ, ಕೈ ಇಟ್ಟು ನಿಂತರು.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಬಾಗಿಲು. ಒಳಗೆ ಸಣ್ಣ ಡಬ್ಬಿಯಲ್ಲಿ ಮೇಣ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿದ್ದು ನೀರು ಎಂಜಿನ್ನಿನೊಳಗೇ ಸುತ್ತುತ್ತದೆ, ಬೇಗ ಕಾಯುತ್ತದೆ. ನಮ್ಮ ಗಾಡಿಯಲ್ಲಾದರೆ 82 ಡಿಗ್ರಿಗೆ ಮೇಣ ಕರಗಿ, ಹಿಗ್ಗಿ, ಬಾಗಿಲು ತೆರೆಯುತ್ತದೆ. ಅಲ್ಲಿಯ ತನಕ ಮೇಲಿನ ಹೋಸ್ ತಣ್ಣಗಿರಬೇಕು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ನಮ್ಮದು ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂತು.

"ಬಾಗಲಾ ತೆರದೇ ಐತಿ" ಎಂದರು ಅಪ್ಪ.

ಮುಂದಿನ ಭಾನುವಾರ, ಸೊಸೈಟಿಯ ಸೆಕ್ರೆಟರಿಯನ್ನು ಮರಾಠಿಯಲ್ಲಿ ಸಮಾಧಾನ ಮಾಡಿ, ಪಾರ್ಕಿಂಗಿನಲ್ಲೇ ಬಿಚ್ಚಿದೆವು. ಬಾಗಿಲು ತೆರೆದಿರಲಿಲ್ಲ. ಬಾಗಿಲೇ ಇರಲಿಲ್ಲ. ಮನೆ ಖಾಲಿ. ಅದರಿಂದ ಇಳಿದ ನೀರು ಚಹಾದ ಬಣ್ಣಕ್ಕಿತ್ತು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಮಾಳ್‌ಶೇಜ್ ಘಾಟಿನಲ್ಲಿ ಗಾಡಿ ಕುದಿದು ನಿಂತಿತ್ತು. ಸರಿ ಮಾಡಿದ ಗ್ಯಾರೇಜಿನವನು ಒಂದು ತುಕ್ಕು ಹಿಡಿದ ಬಿಲ್ಲೆ ತೋರಿಸಿ, "ಮುಂಬೈ ಮೇ ಇಸ್ಕಾ ಕ್ಯಾ ಕಾಮ್, ಸಾಬ್?" ಎಂದು ಎಸೆದಿದ್ದ. ಕುದಿಯುವುದು ನಿಂತಿತು, ನಾನೂ ಮರೆತೆ.

"ನೀರ ಯಾರ ಹಾಕ್ಯಾರ?" ಅಪ್ಪ ಕೇಳಿದರು.

ನಾನೇ. ಕೆಳಗಿನ ಹೋಸಿನ ಕ್ಲಾಂಪ್ ಸಡಿಲವಾಗಿ ಹನಿಹನಿ ಸೋರುತ್ತಿತ್ತು. ಟ್ಯಾಂಕಿನ ಮಟ್ಟ ಇಳಿದಾಗಲೆಲ್ಲ ಕೂಲಂಟ್ ಬದಲು ನಲ್ಲಿ ನೀರು ಸುರಿಯುತ್ತಿದ್ದೆ. ಬರೀ ನೀರಿಗೆ ತುಕ್ಕು ಹಿಡಿಯಿತು, ತುಕ್ಕಿಗೆ ವಾಲ್ವ್ ಮುಚ್ಚಿಕೊಂಡೇ ಜಾಮ್ ಆಯಿತು, ಗಾಡಿ ಕುದಿಯಿತು. ಗ್ಯಾರೇಜಿನವನು ವಾಲ್ವ್ ಕಿತ್ತ. ಸೋರುವ ಕ್ಲಾಂಪ್ ಹಾಗೇ ಉಳಿಯಿತು, ನಾನು ನೀರು ಹಾಕುವುದೂ ಮುಂದುವರಿಯಿತು. ದಿನಾ ಶಿಳ್ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಎಂಜಿನ್ ಹೇಗೋ ಕಾಯುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಯಿಲ್ ಮುಚ್ಚಳ ತೆಗೆದು ಅಪ್ಪ ಒಳಮೈಗೆ ಬೆರಳು ಸವರಿ ತೋರಿಸಿದರು. ಬೆಣ್ಣೆಯಂಥ ಬಿಳಿ ಜಿಡ್ಡು. ಎಂಜಿನ್ ಪೂರ್ತಿ ಕಾಯದಿದ್ದರೆ ಒಳಗಿನ ನೀರಿನ ಆವಿ ಹೊರಹೋಗದೆ ಆಯಿಲಿನಲ್ಲಿ ಸೇರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈಲೇಜ್ ಹೋಗಿದ್ದು ಅಲ್ಲಿ.

"ಜ್ವರಾ ಬಂದ್ರ ಎಲ್ಲಾರೂ ಓಡಿ ಬರತಾರ. ಮೈ ತಣ್ಣಗಾದ್ರ ಯಾರೂ ನೋಡೂದಿಲ್ಲ" ಎಂದರು. ಅವರು ಹೇಳಿದ್ದು ಎಂಜಿನ್ ಬಗ್ಗೆಯೇ. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಕಲ್ಯಾಣದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೊಸ ಥರ್ಮೋಸ್ಟಾಟ್ ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಹೊಸದೆಂದು ನಂಬಲು ಅಪ್ಪ ತಯಾರಿಲ್ಲ. "ಮಾವಾರ, ಇದು ಹಾಲಿನ ಪಾತೇಲಿ" ಎಂದು ನನ್ನ ಹೆಂಡತಿ ಹಳೆಯದೊಂದನ್ನು ಹುಡುಕಿಕೊಟ್ಟಳು. ವಾಲ್ವಿನ ಸಂದಿಯಲ್ಲಿ ದಾರ ಸಿಕ್ಕಿಸಿ ನೀರಿನಲ್ಲಿ ತೂಗಿಬಿಟ್ಟು ಗ್ಯಾಸ್ ಹಚ್ಚಿದರು. ಅಡುಗೆಯ ಥರ್ಮಾಮೀಟರ್ ಹಿಡಿದು ನಿಂತವಳು ನನ್ನ ಮಗಳು. "ಎಂಬತ್ತೊಂದು... ಎಂಬತ್ಮೂರು" ಎನ್ನುವಷ್ಟರಲ್ಲಿ ವಾಲ್ವ್ ಬಾಯಿ ಬಿಟ್ಟು, ದಾರದಿಂದ ಜಾರಿ ತಳಕ್ಕೆ ಬಿತ್ತು. ಮೂವರೂ ನಕ್ಕರು. ಆ ಮನೆಯಲ್ಲಿ ಅಪ್ಪ ನಕ್ಕಿದ್ದು ನಾನು ಮೊದಲ ಸಲ ಕೇಳಿದ್ದು.

ಮತ್ತೆ ಮತ್ತೆ ಡಿಸ್ಟಿಲ್ಡ್ ನೀರು ತುಂಬಿ ತೊಳೆದು, ಕ್ಲಾಂಪ್ ಬದಲಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಹಾಕಿ, ಗಾಳಿ ಹೊರಹೋಗಲು ಗಾಡಿಯ ಮೂತಿಯನ್ನು ಇಳಿಜಾರಿನ ಮೇಲ್ಮುಖಕ್ಕೆ ನಿಲ್ಲಿಸಿ ಓಡಿಸಿದೆವು. ಆಯಿಲನ್ನೂ ಬದಲಿಸಿದೆವು.

ನಿಮ್ಮ ಗಾಡಿಯಲ್ಲಿ ಕಾಟಾ ಇದ್ದರೆ ಈ ಚಳಿಯಲ್ಲಿ ಒಮ್ಮೆ ಖಾಲಿ ರಸ್ತೆಯಲ್ಲಿ ಗಮನಿಸಿ. ಕಾಟಾ ಇಲ್ಲದ ಹೊಸ ಗಾಡಿಗಳಲ್ಲಿ ನೀಲಿ ದೀಪ ಎಷ್ಟು ಹೊತ್ತಿಗೆ ಆರುತ್ತದೆ ನೋಡಿ. ನಿಂತಾಗ ಏರಿ ಓಡುವಾಗ ಇಳಿದರೆ ಮೊದಲ ಅನುಮಾನ ಥರ್ಮೋಸ್ಟಾಟಿನ ಮೇಲಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ.

ಜನವರಿಯಲ್ಲಿ ಬೆಳಗಿನ 4ಕ್ಕೆ ಹುಬ್ಬಳ್ಳಿಗೆ ಹೊರಟೆವು. ಖಂಡಾಲಾ ಘಾಟು ಹತ್ತಿ, ಪುಣೆ ದಾಟಿ, ಸಾತಾರಾದ ಚಳಿಯಲ್ಲೂ ಕಾಟಾ ಅರ್ಧದಲ್ಲೇ ನಿಂತಿತ್ತು. ಎಂಜಿನ್ನಿನ ಶಾಖವೇ ಹೀಟರಿಗೂ ಬೇಕು. ಎರಡು ವರ್ಷದಲ್ಲಿ ಮೊದಲ ಸಲ ಕಾಲಿಗೆ ಬೆಚ್ಚನೆಯ ಗಾಳಿ ಬಂತು. ಅಪ್ಪ ಶಾಲು ತೆಗೆದು ಹಿಂದಿನ ಸೀಟಿಗೆ ಕೊಟ್ಟರು.

ಪೂಜೆ ಮುಗಿದ ಮರುದಿನ ನಾನು ಹೊರಡುವ ತಯಾರಿಯಲ್ಲಿದ್ದೆ. ಅಪ್ಪನ ಬಟ್ಟೆಯ ಚೀಲವನ್ನು ಕಾರಿನಲ್ಲಿ ಇಡಬೇಕೋ ಬೇಡವೋ ಎಂದು ಕೇಳಲು ಧೈರ್ಯ ಬರಲಿಲ್ಲ. ಅವರು ಅಟ್ಟದಿಂದ ಏನೋ ಇಳಿಸುತ್ತಿದ್ದರು. ಡಿಪೋ ಕಾಲದ ಕಬ್ಬಿಣದ ಪೆಟ್ಟಿಗೆ, ಒಳಗೆ ಪಾನಾಗಳು. ಒರೆಸಿ, ಎತ್ತಿ ತಂದು ಡಿಕ್ಕಿಯಲ್ಲಿಟ್ಟರು.

"ನಿಮ್ಮ ಸೆಕ್ರೆಟರಿ ಸ್ಕೂಟರ್ ಹೊಗಿ ಉಗಳತೈತಿ" ಎಂದರು. "ನೋಡತೀನಿ ಅಂದೀನಿ."

ಎಷ್ಟು ದಿನ ಇರುತ್ತೀರಿ ಎಂದು ನಾನು ಇನ್ನೂ ಕೇಳಿಲ್ಲ.